ಮಾಳಿಗೆಯ ದಂಬೆ: ಹತ್ತುವ ಮೊದಲು ದಾರಿ ನೋಡಿ

ಓದುವ ಮೊದಲು ಮಾತಾಡೋಣ

ನಿಮ್ಮ ಮನೆಗೆ ಮಾಳಿಗೆ ಉಂಟೆ? ಮಾಳಿಗೆಯ ಮಾಡಿಗೆ ದಂಬೆ ಉಂಟೆ? ಅದರ ಕಸ ತೆಗೆಯಲು ಹೋದ ವರ್ಷ ಯಾರು ಹತ್ತಿದರು? ಏಣಿ ಎಲ್ಲಿ ಇಟ್ಟರು? ತರಗತಿಯಲ್ಲಿ ಒಬ್ಬೊಬ್ಬರಾಗಿ ಹೇಳಿ. ಆಮೇಲೆ ಪಾಠ ಓದಿ.

1. ದಂಬೆ ಎಂದರೇನು?

ಮಾಡಿನ ಅಂಚಿನಿಂದ ಮಳೆನೀರು ಬೀಳುತ್ತದೆ. ಆ ನೀರನ್ನು ಹಿಡಿದು ಒಂದು ಕಡೆಗೆ ಸಾಗಿಸುವುದೇ ದಂಬೆ. ಹಿಂದೆ ಅಡಿಕೆ ಮರವನ್ನು ಉದ್ದಕ್ಕೆ ಸೀಳಿ, ಒಳಗಿನ ತಿರುಳು ತೆಗೆದು ದಂಬೆ ಮಾಡುತ್ತಿದ್ದರು. ಈಗ ತಗಡಿನ ದಂಬೆ ಉಂಟು. ಪಿವಿಸಿ ದಂಬೆಯೂ ಉಂಟು. ಅಂಗಡಿಯಲ್ಲಿ ಇದಕ್ಕೆ ಗಟರ್ ಎನ್ನುತ್ತಾರೆ. ಮಲಯಾಳ ಮಾತಾಡುವ ಮೇಸ್ತ್ರಿಗಳು ಪಾತ್ತಿ ಎನ್ನುತ್ತಾರೆ. ಹೆಸರು ಬೇರೆ ಬೇರೆ. ಕೆಲಸ ಒಂದೇ.

ನಮ್ಮ ಕಾಸರಗೋಡಿನಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗಿಂತಲೂ ಹೆಚ್ಚು ಮಳೆ ಬರುತ್ತದೆ. ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುತ್ತದೆ. ಇಷ್ಟು ನೀರನ್ನು ದಂಬೆ ಸಾಗಿಸಬೇಕು. ಅದರಲ್ಲಿ ಕಸ ತುಂಬಿದರೆ ನೀರು ಗೋಡೆಗೆ ಬರುತ್ತದೆ.

ಒಂದು ಲೆಕ್ಕ ನೋಡಿ.

ಒಂದು ಚದರ ಮೀಟರ್ ಜಾಗದಲ್ಲಿ 1 ಮಿಲಿಮೀಟರ್ ಮಳೆ ಬಂದರೆ 1 ಲೀಟರ್ ನೀರು. ನಿಮ್ಮ ಮಾಡಿನ ಒಂದು ಬದಿ 10 ಮೀಟರ್ ಉದ್ದ, 4 ಮೀಟರ್ ಅಗಲ ಎಂದು ಇಟ್ಟುಕೊಳ್ಳಿ. 10 × 4 = 40 ಚದರ ಮೀಟರ್. ಒಂದು ದಿನ 50 ಮಿಲಿಮೀಟರ್ ಮಳೆ ಬಂತು. 40 × 50 = 2000 ಲೀಟರ್. ಅಂದರೆ 20 ಲೀಟರ್ ಹಿಡಿಯುವ ಕೊಡಪಾನದಲ್ಲಿ 100 ಕೊಡ ನೀರು. ಒಂದೇ ದಿನ, ಒಂದೇ ಬದಿಯಿಂದ.

2. ಮನೆ ಬೆಳೆಯಿತು, ದಾರಿ ಮುಚ್ಚಿತು

ಮನೆ ಕಟ್ಟಿದಾಗ ಸುತ್ತಲೂ ಅಂಗಳ ಇತ್ತು. ಬೇಕಾದ ಕಡೆ ಏಣಿ ಇಟ್ಟು ದಂಬೆಯ ಕಸ ತೆಗೆಯುತ್ತಿದ್ದರು. ಆಮೇಲೆ ಮನೆ ಬೆಳೆಯಿತು. ಹಿಂದಿನಿಂದ ಒಂದು ಅಡುಗೆಕೋಣೆ ಕೂಡಿಸಿದರು. ಮುಂದೆ ಅಡಿಕೆ ಒಣಗಿಸಲು ಶೀಟು ಇಳಿಸಿದರು. ಬದಿಗೆ ಸ್ಕೂಟರ್ ನಿಲ್ಲಿಸಲು ಇನ್ನೊಂದು ಮಾಡು ಹಾಕಿದರು. ಎಲ್ಲವೂ ಬೇಕಾದದ್ದೇ. ಆದರೆ ಏಣಿ ಇಡುವ ಜಾಗ ಹೋಯಿತು.

ಇದನ್ನೂ ಲೆಕ್ಕದಲ್ಲಿ ನೋಡೋಣ. ಏಣಿ ಇಡಲು ಒಂದು ನಿಯಮ ಉಂಟು. 4 ಅಡಿ ಎತ್ತರಕ್ಕೆ ಏಣಿಯ ಬುಡ ಗೋಡೆಯಿಂದ 1 ಅಡಿ ದೂರ ಇರಬೇಕು. ದಂಬೆ 16 ಅಡಿ ಎತ್ತರದಲ್ಲಿ ಇದ್ದರೆ ಬುಡ 4 ಅಡಿ ದೂರ ಇರಬೇಕು. ಆದರೆ ಆ 4 ಅಡಿ ಜಾಗದಲ್ಲಿ ಈಗ ಅಡುಗೆಕೋಣೆ ಉಂಟು. ಕೋಣೆ 10 ಅಡಿ ಅಗಲ. ಅದರ ಆಚೆ ಏಣಿ ಇಟ್ಟರೆ ಬುಡ 10 ಅಡಿಗಿಂತ ದೂರ ಹೋಗುತ್ತದೆ. ಏಣಿ ತುಂಬ ಮಲಗುತ್ತದೆ. ಬುಡ ಜಾರುತ್ತದೆ, ಮೆಟ್ಟಿಲು ಬಾಗುತ್ತದೆ. ಹಾಗೆ ಇಡಲೇಬಾರದು.

ಆಗ ಜನ ಏನು ಮಾಡುತ್ತಾರೆ? ಕೆಳಗಿನ ಮಾಡಿನ ಮೇಲೆ ಹತ್ತುತ್ತಾರೆ. ಅಪಾಯ ಇರುವುದು ಅಲ್ಲೇ.

3. ಕೆಳಗಿನ ಮಾಡು ಯಾವುದು?

ಎಲ್ಲಾ ಮಾಡು ಒಂದೇ ಅಲ್ಲ. ನಿಮ್ಮದು ಯಾವುದು ಎಂದು ಮೊದಲು ತಿಳಿಯಿರಿ.

ಸಿಮೆಂಟ್ ಶೀಟು: ಇದಕ್ಕೆ ಆಸ್ಬೆಸ್ಟಾಸ್ ಶೀಟು ಎಂದೂ ಹೇಳುತ್ತಾರೆ. ಇದು ಮನುಷ್ಯರ ಭಾರ ಹೊರುವ ವಸ್ತು ಅಲ್ಲ. ಹಳತಾದರೆ ತಟ್ಟನೆ ಒಡೆಯುತ್ತದೆ. ಮುನ್ಸೂಚನೆ ಕೊಡುವುದಿಲ್ಲ. ಇದರ ಹುಡಿ ಶ್ವಾಸಕೋಶಕ್ಕೆ ಕೆಟ್ಟದ್ದು. ಒಣಗಿದ ಶೀಟನ್ನು ಉಜ್ಜಬಾರದು, ಕೊಯ್ಯಬಾರದು, ಒಡೆಯಬಾರದು.

ಬೆಳಕಿನ ಶೀಟು: ಕೋಣೆಗೆ ಬೆಳಕು ಬರಲಿ ಎಂದು ನಡುವೆ ಒಂದು ಪ್ಲಾಸ್ಟಿಕ್ ಶೀಟು ಹಾಕಿರುತ್ತಾರೆ. ನಾಲ್ಕು ಮಳೆಗಾಲ ಕಳೆದರೆ ಅದಕ್ಕೆ ಧೂಳು, ಪಾಚಿ ಹಿಡಿಯುತ್ತದೆ. ಮೇಲಿನಿಂದ ನೋಡಿದರೆ ಬೇರೆ ಶೀಟಿನ ಹಾಗೆಯೇ ಕಾಣುತ್ತದೆ. ಇದು ಎಲ್ಲಕ್ಕಿಂತ ಅಪಾಯ.

ತಗಡಿನ ಶೀಟು: ಹೊಸತಿರುವಾಗ ಗಟ್ಟಿ. ಆದರೆ ಒದ್ದೆಯಾದರೆ ಜಾರುತ್ತದೆ. ತುಕ್ಕು ಹಿಡಿದರೆ ಕಾಲು ಒಳಗೆ ಹೋಗುತ್ತದೆ.

ಹೆಂಚು: ಹೆಂಚಿನ ಮೇಲೆ ನಡೆದರೆ ಹೆಂಚು ಒಡೆಯುತ್ತದೆ. ಕೆಳಗಿನ ರೀಪು ಗೆದ್ದಲು ತಿಂದಿದ್ದರೆ ಮನುಷ್ಯರೂ ಕೆಳಗೆ ಬರುತ್ತಾರೆ.

ತಾರಸಿ: ಕಾಂಕ್ರೀಟಿನ ತಾರಸಿ ಭಾರ ಹೊರುತ್ತದೆ. ಅದರ ಮೇಲೆ ನಿಲ್ಲಬಹುದು. ಆದರೆ ಪಾಚಿ ಇದ್ದರೆ ಜಾರುತ್ತದೆ. ಸುತ್ತ ಅಡ್ಡಗೋಡೆ ಇಲ್ಲದಿದ್ದರೆ ಅಂಚಿನ ಹತ್ತಿರ ಏಣಿ ಇಡಬೇಡಿ. ಏಣಿಯ ಬುಡ ಜಾರದಂತೆ ಕಟ್ಟಿ. ಇನ್ನೊಬ್ಬರು ಹಿಡಿದಿರಲಿ.

ಒಂದು ಮಾತು ನೆನಪಿಡಿ. ತಾರಸಿ ಬಿಟ್ಟು ಬೇರೆ ಯಾವ ಮಾಡಿನ ಮೇಲೂ ಮನೆಯವರು ಹತ್ತಬಾರದು.

4. ಅಕ್ಕ ಮತ್ತು ಮೇಸ್ತ್ರಿ

(ಇಬ್ಬರು ಓದಿ. ಒಬ್ಬರು ಅಕ್ಕನ ಮಾತು, ಒಬ್ಬರು ಮೇಸ್ತ್ರಿಯ ಮಾತು.)

ಅಕ್ಕ: ಮೇಸ್ತ್ರಿಯವರೇ, ಮೇಲಿನ ದಂಬೆಯಲ್ಲಿ ಗಿಡ ಹುಟ್ಟಿದೆ. ಮಳೆ ಬಂದ್ರೆ ನೀರೆಲ್ಲ ಗೋಡೆಗೆ ಬರ್ತದೆ. ನಮ್ಮ ಹುಡುಗ ಶೀಟಿನ ಮೇಲೆ ಹೋಗಿ ತೆಗೀತೇನೆ ಅಂತಾನೆ.

ಮೇಸ್ತ್ರಿ: ಬೇಡ ಅಕ್ಕಾ. ಶೀಟಿನ ಮೇಲೆ ಹೋಗ್ಲಿಕ್ಕೆ ಬಿಡ್ಬೇಡಿ.

ಅಕ್ಕ: ಅವನು ಸಪೂರ ಇದ್ದಾನೆ. ಐವತ್ತು ಕೆಜಿ ಕೂಡ ಇಲ್ಲ.

ಮೇಸ್ತ್ರಿ: ಐವತ್ತು ಕೆಜಿ ಸಾಕು ಅಕ್ಕಾ. ಹಳೆ ಶೀಟು ಗಾಜಿನ ಹಾಗೆ. ಎಲ್ಲಿ ಬಿರಿದಿದೆ ಅಂತ ಮೇಲಿಂದ ಕಾಣೋದಿಲ್ಲ, ಪಾಚಿ ಮುಚ್ಚಿರ್ತದೆ. ಹೋಗುವಾಗ ಏನೂ ಆಗ್ಲಿಕ್ಕಿಲ್ಲ. ವಾಪಸ್ ಬರುವಾಗ ಒಡೀಬಹುದು.

ಅಕ್ಕ: ಮೊಳೆ ಹೊಡೆದ ಸಾಲಿನ ಮೇಲೆ ಕಾಲಿಟ್ರೆ? ಅಡಿಯಲ್ಲಿ ಮರ ಉಂಟಲ್ಲ?

ಮೇಸ್ತ್ರಿ: ಎಲ್ಲರೂ ಹಾಗೇ ಹೇಳೋದು. ಕಾಲು ಜಾರಿದ್ರೆ ಆ ಸಾಲು ಎಲ್ಲಿ, ನಾವು ಎಲ್ಲಿ? ನಾನು ಹೋಗ್ಬೇಕಾದ್ರೂ ಉದ್ದದ ಹಲಗೆ ಹಾಕ್ತೇನೆ, ಸೊಂಟಕ್ಕೆ ಬೆಲ್ಟ್ ಕಟ್ತೇನೆ. ಕೆಳಗೆ ಕೋಣೆಯಲ್ಲಿ ಯಾರೂ ಇರ್ಬಾರ್ದು ಅಂತ ಹೇಳ್ತೇನೆ.

ಅಕ್ಕ: ಹಾಗಾದ್ರೆ ಈಗ ಎಂತ ಮಾಡೋದು?

ಮೇಸ್ತ್ರಿ: ಮೊದಲು ಮನೆಗೆ ಒಂದು ಸುತ್ತು ಬರುವ. ದಂಬೆಗೆ ಎರಡು ತುದಿ ಉಂಟಲ್ಲ? ಹೊಸ ಕೋಣೆ ಎಲ್ಲಿಂದ ಎಲ್ಲಿಗೆ ಅಡ್ಡ ಬಂದಿದೆ ನೋಡುವ. ಒಂದು ತುದಿಯಾದ್ರೂ ಖಾಲಿ ಉಂಟಾ?

ಅಕ್ಕ: ಹಟ್ಟಿ ಬದಿಯ ತುದಿ ಖಾಲಿ ಉಂಟು. ಅಲ್ಲಿ ನೆಲದಲ್ಲೇ ಏಣಿ ಇಡ್ಲಿಕ್ಕೆ ಆಗ್ತದೆ. ಆದ್ರೆ ನೀರಿಳಿಯುವ ಪೈಪು ಇರುವುದು ಆಚೆ ತುದಿಯಲ್ಲಿ. ಅದು ಶೀಟಿನ ಮೇಲೆ.

ಮೇಸ್ತ್ರಿ: ತೊಂದರೆ ಅದೇ ನೋಡಿ. ಕಸ ನೀರಿನ ಜೊತೆ ಹೋಗ್ತದೆ. ನೀರು ಎಲ್ಲಿ ಇಳೀತದೋ ಅಲ್ಲೇ ಕಸ ಕೂಡ್ತದೆ. ನಿಮ್ಮ ಕಸ ಎಲ್ಲ ಕೈಗೆ ಸಿಗದ ತುದಿಯಲ್ಲಿ ಹೋಗಿ ಕೂತಿದೆ.

ಅಕ್ಕ: ಹೌದಲ್ಲ! ಗಿಡ ಹುಟ್ಟಿದ್ದೂ ಅಲ್ಲೇ.

ಮೇಸ್ತ್ರಿ: ಈ ಸಲ ನಾನು ಹಲಗೆ ಹಾಕಿ ಹೋಗಿ ಪೂರಾ ಸ್ವಚ್ಛ ಮಾಡ್ತೇನೆ. ಹೋದದ್ದಕ್ಕೆ ಇನ್ನೊಂದು ಕೆಲಸವೂ ಮಾಡುವ. ಕ್ಲಾಂಪು ಸ್ವಲ್ಪ ಎತ್ತಿ ತಗ್ಗಿಸಿ, ಇಳಿಜಾರು ಹಟ್ಟಿ ಬದಿಗೆ ಕೊಡುವ. ಪೈಪೂ ಅಲ್ಲಿಗೇ ತರುವ. ಮತ್ತೆ ಕಸ ಕೂಡಿದ್ರೂ ಕೈಗೆ ಸಿಗುವ ಕಡೆ ಕೂಡ್ತದೆ.

ಅಕ್ಕ: ಖರ್ಚು ಹೆಚ್ಚಾಗ್ತದಾ?

ಮೇಸ್ತ್ರಿ: ಒಂದು ಸಲ ಖರ್ಚು. ಆಮೇಲೆ ವರ್ಷ ವರ್ಷ ಶೀಟಿನ ಮೇಲೆ ಯಾರೂ ಹೋಗ್ಬೇಕಾಗಿಲ್ಲ. ಬಿದ್ದು ಸೊಂಟ ಮುರಿದ್ರೆ ಆಗುವ ಖರ್ಚು ಎಷ್ಟು? ಲೆಕ್ಕ ಹಾಕಿ ನೋಡಿ.

ಅಕ್ಕ: ಆಯ್ತು. ಪತ್ತನಾಜೆಯ ಮೊದಲು ಮಾಡಿ ಕೊಡಿ.

5. ಕೆಳಗೆ ನಿಂತೇ ತಿಳಿಯಬಹುದು

ದಂಬೆ ಕಟ್ಟಿದೆಯೋ ಇಲ್ಲವೋ ಎಂದು ತಿಳಿಯಲು ಹತ್ತಬೇಕಾಗಿಲ್ಲ. ಜೋರು ಮಳೆ ಬರುವಾಗ ಕೊಡೆ ಹಿಡಿದು ಅಂಗಳದಲ್ಲಿ ನಿಲ್ಲಿ. ಗುಡುಗು, ಮಿಂಚು ಇದ್ದರೆ ಹೊರಗೆ ಬರಬೇಡಿ. ಈ ಗುರುತುಗಳನ್ನು ನೋಡಿ.

ದಂಬೆಯ ನಡುವಿನಿಂದ ನೀರು ಧುಮುಕುತ್ತದೆಯೆ? ಹಾಗಾದರೆ ಅದರ ಮುಂದೆ ಎಲ್ಲೋ ಕಸ ಕಟ್ಟಿದೆ.

ಪೈಪಿನ ಬುಡದಲ್ಲಿ ನೀರು ಸಣ್ಣಗೆ ಬರುತ್ತದೆಯೆ? ಪೈಪಿನ ಬಾಯಿಯಲ್ಲಿ ಕಸ ಉಂಟು.

ದಂಬೆಯಲ್ಲಿ ಹುಲ್ಲು, ಗಿಡ ಕಾಣುತ್ತದೆಯೆ? ಒಳಗೆ ಮಣ್ಣು ಕೂಡಿದೆ.

ಗೋಡೆಯಲ್ಲಿ ಹಸಿರು ಪಟ್ಟಿ ಇಳಿದಿದೆಯೆ? ನೀರು ದಂಬೆಯ ಹಿಂದಿನಿಂದ ಬರುತ್ತಿದೆ.

ದಂಬೆ ನಡುವೆ ಬಾಗಿದೆಯೆ? ನೀರು ನಿಂತು ಭಾರವಾಗಿದೆ, ಅಥವಾ ಕ್ಲಾಂಪು ಬಿಟ್ಟಿದೆ.

ನಿಂತ ನೀರಿನ ಭಾರ ಎಷ್ಟು? 10 ಮೀಟರ್ ಉದ್ದ, 15 ಸೆಂಟಿಮೀಟರ್ ಅಗಲ, 10 ಸೆಂಟಿಮೀಟರ್ ಆಳದ ಚೌಕ ದಂಬೆ ತುಂಬಿದರೆ 150 ಲೀಟರ್ ನೀರು. ಅಂದರೆ 150 ಕಿಲೋ. ಮೂರು ಮೂಟೆ ಸಿಮೆಂಟಿನ ಭಾರ ಮಾಡಿನ ಅಂಚಿಗೆ ನೇತಾಡಿದ ಹಾಗೆ.

ಮೊಬೈಲ್ ಇದ್ದರೆ ಇನ್ನೂ ಸುಲಭ. ಮಾಳಿಗೆಯ ಕಿಟಕಿಯ ಸರಳಿನ ಎಡೆಯಿಂದ ಮೊಬೈಲನ್ನು ಕೋಲಿಗೆ ಗಟ್ಟಿ ಕಟ್ಟಿ ಹೊರಗೆ ಚಾಚಿ. ವಿಡಿಯೋ ತೆಗೆಯಿರಿ. ಒಳಗೆ ತಂದು ನೋಡಿ. ಮೈ ಹೊರಗೆ ಚಾಚಬೇಡಿ.

6. ಶೀಟಿಗೆ ಕಾಲಿಡದೆ ಸ್ವಚ್ಛ ಮಾಡುವ ದಾರಿಗಳು

ಮೊದಲನೆಯ ದಾರಿ: ಖಾಲಿ ತುದಿಯಿಂದ.
ದಂಬೆಯ ಒಂದು ತುದಿಯಾದರೂ ಕೋಣೆಯಿಂದ ಹೊರಗೆ ಇದ್ದರೆ ಅಲ್ಲಿ ನೆಲದ ಮೇಲೆ ಏಣಿ ಇಡಿ. ಪೈಪಿನ ಬಾಯಿಯ ಕಸವನ್ನು ಮೊದಲು ಕೈಯಿಂದ ತೆಗೆಯಿರಿ. ಕೈಗೆ ಗ್ಲೌಸ್ ಇರಲಿ. ಕಸದಲ್ಲಿ ಚೇಳು, ಇರುವೆ, ಕೆಲವೊಮ್ಮೆ ಹಾವೂ ಇರುತ್ತದೆ. ಆದ್ದರಿಂದ ಮೊದಲು ಸಣ್ಣ ಕೋಲಿನಿಂದ ಕೆದಕಿ, ಆಮೇಲೆ ಕೈ ಹಾಕಿ. ಕೈ ಎಟುಕುವಷ್ಟು ಮಾತ್ರ ತೆಗೆಯಿರಿ. ಬದಿಗೆ ವಾಲಬೇಡಿ.

ಎರಡನೆಯ ದಾರಿ: ಪೈಪಿನ ನೀರಿನಿಂದ.
ಮೇಸ್ತ್ರಿ ಹತ್ತಿದಾಗಲೇ ಅರ್ಧ ಇಂಚಿನ ಪಿವಿಸಿ ಪೈಪೊಂದನ್ನು ದಂಬೆಯ ಎತ್ತರದ ತುದಿಯ ತನಕ ಕಟ್ಟಿಸಿ. ಅದರ ಇನ್ನೊಂದು ತುದಿ ಗೋಡೆಯ ಮೇಲೆ ಇಳಿದು ನೆಲಕ್ಕೆ ಬರಲಿ. ಬೇಕಾದಾಗ ತೋಟಕ್ಕೆ ನೀರು ಬಿಡುವ ಪಂಪಿನ ಹೋಸನ್ನು ಅದಕ್ಕೆ ಜೋಡಿಸಿ ನೀರು ಬಿಡಿ. ನೀರು ಎತ್ತರದ ತುದಿಯಿಂದ ಹರಿದು ಹೊಸ ಕಸವನ್ನು ಪೈಪಿನ ಬಾಯಿಗೆ ತರುತ್ತದೆ. ಅಲ್ಲಿ ಕೈಯಿಂದ ತೆಗೆಯಬಹುದು. ಮಣ್ಣು ಕಟ್ಟಿ ಗಟ್ಟಿಯಾದ ಕಸ ಇದಕ್ಕೆ ಬಗ್ಗುವುದಿಲ್ಲ. ಆದ್ದರಿಂದ ಒಮ್ಮೆ ಪೂರಾ ಸ್ವಚ್ಛ ಆದ ಮೇಲೆ ತಿಂಗಳಿಗೆ ಒಮ್ಮೆ ಹೀಗೆ ನೀರು ಬಿಡಿ.

ಮೂರನೆಯ ದಾರಿ: ನೆಲದಿಂದ ಕೋಲು.
ಕೂಡಿಸಿದ ಕೋಣೆ ಸಣ್ಣದಾದರೆ ಅದರ ಆಚೆ ನಿಂತು ಉದ್ದದ ಬಿದಿರು ಕೋಲಿನಿಂದ ಕಸ ಕೆದಕಬಹುದು. ಕೋಲಿನ ತುದಿಗೆ ಕೊಕ್ಕೆಯ ಹಾಗೆ ಬಾಗಿದ ತಗಡು ಕಟ್ಟಿ. ಕೋಲು ತುಂಬ ಉದ್ದವಾದರೆ ಬಾಗುತ್ತದೆ, ಕೈ ತಪ್ಪುತ್ತದೆ. ಹಿಡಿದು ನಿಲ್ಲಲು ಕಷ್ಟವಾದರೆ ಈ ದಾರಿ ಬಿಟ್ಟುಬಿಡಿ. ಕಣ್ಣಿಗೆ ಕಸ ಬೀಳದಂತೆ ಕನ್ನಡಕ ಹಾಕಿ.

ನಾಲ್ಕನೆಯ ದಾರಿ: ತಿಳಿದವರನ್ನು ಕರೆಯಿರಿ.
ಎರಡು ತುದಿಯೂ ಮುಚ್ಚಿದ್ದರೆ ಮನೆಯವರಿಗೆ ದಾರಿ ಇಲ್ಲ. ಹಲಗೆ, ಬೆಲ್ಟ್, ಹಗ್ಗ ಇರುವ ಮೇಸ್ತ್ರಿಯನ್ನೇ ಕರೆಯಬೇಕು. ಹಲಗೆ ಶೀಟಿನ ಅಡಿಯ ಎರಡು ಮೂರು ಅಡ್ಡಮರಗಳ ಮೇಲೆ ಹಾಯುವಷ್ಟು ಉದ್ದ ಇರಬೇಕು. ಒಂದು ಮನೆಗೆ ಕರೆದರೆ ಕೂಲಿ ಹೆಚ್ಚು ಅನಿಸಬಹುದು. ನೆರೆಯ ನಾಲ್ಕು ಮನೆಯವರು ಸೇರಿ ಒಂದೇ ದಿನ ಕರೆಸಿ. ಕುಟುಂಬಶ್ರೀ ನೆರೆಕೂಟದಲ್ಲಿ ಈ ಮಾತು ತೆಗೆಯಿರಿ.

ಏಣಿಗೆ ಐದು ನಿಯಮ

1. ಗಟ್ಟಿ, ಸಮ ನೆಲದ ಮೇಲೆ ಇಡಿ. ಒದ್ದೆ ಮಣ್ಣಿನ ಮೇಲೆ ಬೇಡ.
2. 4 ಅಡಿ ಎತ್ತರಕ್ಕೆ 1 ಅಡಿ ದೂರ.
3. ಏಣಿಯನ್ನು ದಂಬೆಗೆ ಒರಗಿಸಬೇಡಿ. ದಂಬೆ ಬಾಗುತ್ತದೆ, ಏಣಿ ಜಾರುತ್ತದೆ. ಗೋಡೆಗೆ ಒರಗಿಸಿ, ತುದಿಯನ್ನು ಕಟ್ಟಿ.
4. ಕೆಳಗೆ ಒಬ್ಬರು ಏಣಿ ಹಿಡಿದೇ ಇರಬೇಕು. ಮಾತಿಗೆ, ಫೋನಿಗೆ ಬಿಟ್ಟು ಹೋಗಬಾರದು.
5. ಮಳೆ, ಗಾಳಿ, ಸಿಡಿಲು ಇರುವಾಗ ಹತ್ತಬಾರದು. ಸಂಜೆ ಕತ್ತಲಾಗುವಾಗಲೂ ಬೇಡ.

7. ಕರೆಂಟಿನ ತಂತಿ

ರಸ್ತೆಯ ಕಂಬದಿಂದ ಮನೆಗೆ ಬರುವ ತಂತಿ ಹೆಚ್ಚಾಗಿ ಮಾಳಿಗೆಯ ಗೋಡೆಗೇ ಬಂದು ಸೇರುತ್ತದೆ. ದಂಬೆಯ ಹತ್ತಿರವೇ ಇರುತ್ತದೆ. ಅಡಿಕೆ, ತೆಂಗು ಕೀಳುವ ಅಲ್ಯೂಮಿನಿಯಂ ದೋಟಿಯನ್ನು ದಂಬೆ ಸ್ವಚ್ಛ ಮಾಡಲು ಎತ್ತಲೇಬೇಡಿ. ಅಲ್ಯೂಮಿನಿಯಂ ಏಣಿಯೂ ತಂತಿಯ ಬದಿಯಲ್ಲಿ ಬೇಡ. ದೋಟಿ ತಂತಿಗೆ ತಾಗಿದರೆ ಪ್ರಾಣ ಹೋಗುತ್ತದೆ. ಬಿದಿರು ಒಣಗಿದ್ದರೆ ಮಾತ್ರ ಬಳಸಿ. ಒದ್ದೆ ಬಿದಿರಿನಲ್ಲಿಯೂ ಕರೆಂಟು ಬರುತ್ತದೆ.

ಮನೆಯ ಮೈನ್ ಸ್ವಿಚ್ ಆಫ್ ಮಾಡಿದರೂ ಹೊರಗಿನ ತಂತಿಯಲ್ಲಿ ಕರೆಂಟು ಇರುತ್ತದೆ. ಇದನ್ನು ಮರೆಯಬೇಡಿ. ತಂತಿ ದಂಬೆಗೆ ತೀರಾ ಹತ್ತಿರ ಇದ್ದರೆ ಕೆಎಸ್‌ಇಬಿ ಸೆಕ್ಷನ್ ಕಚೇರಿಗೆ ಹೇಳಿ. 1912 ನಂಬರಿಗೂ ಫೋನ್ ಮಾಡಬಹುದು.

8. ದಂಬೆ ಮತ್ತು ಸೊಳ್ಳೆ

ಅಂಗಳದ ಕರಟ, ಟಯರ್, ಹೂಕುಂಡದ ತಟ್ಟೆಯ ನೀರನ್ನು ನಾವು ಚೆಲ್ಲುತ್ತೇವೆ. ಆಶಾ ಕಾರ್ಯಕರ್ತೆ ಬಂದಾಗ ಅವನ್ನು ನೋಡುತ್ತಾರೆ. ಆದರೆ ಮಾಳಿಗೆಯ ದಂಬೆ ಯಾರ ಕಣ್ಣಿಗೂ ಬೀಳುವುದಿಲ್ಲ. ಮಳೆ ಬಿಟ್ಟು ಬಿಟ್ಟು ಬರುವಾಗ ಕಸ ತುಂಬಿದ ದಂಬೆಯಲ್ಲಿ ನೀರು ನಿಲ್ಲುತ್ತದೆ. ಡೆಂಗ್ಯೂ, ಚಿಕುನ್‌ಗುನ್ಯಾ ಹರಡುವ ಈಡಿಸ್ ಸೊಳ್ಳೆ ಅಲ್ಲಿ ಮೊಟ್ಟೆ ಇಡುತ್ತದೆ. ಮೊಟ್ಟೆ ಹಾರುವ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ ಸಾಕು. ದಂಬೆ ಒಣಗಿದರೂ ಮೊಟ್ಟೆ ತಿಂಗಳುಗಟ್ಟಲೆ ಉಳಿಯುತ್ತದೆ. ಮತ್ತೆ ನೀರು ಬಂದಾಗ ಒಡೆಯುತ್ತದೆ.

ಆದ್ದರಿಂದ ದಂಬೆಯಲ್ಲಿ ನೀರು ನಿಲ್ಲಬಾರದು. ಅದಕ್ಕೆ ಸ್ವಚ್ಛತೆಯೂ ಬೇಕು, ಇಳಿಜಾರೂ ಬೇಕು. 10 ಅಡಿ ಉದ್ದಕ್ಕೆ ಸುಮಾರು ಅರ್ಧ ಇಂಚು ಇಳಿಜಾರು ಸಾಕು. ದಂಬೆ 30 ಅಡಿ ಉದ್ದ ಇದ್ದರೆ ಒಂದೂವರೆ ಇಂಚು.

9. ಕಸವೇ ಕಡಿಮೆ ಆಗಲಿ

ಕಸ ಕಡಿಮೆ ಬಿದ್ದರೆ ಹತ್ತುವ ಕೆಲಸವೂ ಕಡಿಮೆ. ಮಾಡಿನ ಮೇಲೆ ಬಾಗಿದ ಮಾವು, ಹಲಸಿನ ಗೆಲ್ಲುಗಳನ್ನು ಬೇಸಿಗೆಯಲ್ಲೇ ಕಡಿಸಿ. ಮಾಡಿನ ಮೇಲೆ ಬಿದ್ದ ತೆಂಗಿನ ಮಡಲು, ಅಡಿಕೆ ಹಾಳೆ ಹಾಗೇ ಉಳಿಯದಿರಲಿ. ಮೇಸ್ತ್ರಿ ಬಂದ ದಿನ ತೆಗೆಸಿ. ಪೈಪಿನ ಬಾಯಿಗೆ ತಂತಿಯ ಬುಟ್ಟಿಯ ಹಾಗಿನ ಬಲೆ ಹಾಕಿಸಿ. ಆಗ ಕಸ ಪೈಪಿನೊಳಗೆ ಹೋಗಿ ಸಿಕ್ಕಿಕೊಳ್ಳುವುದಿಲ್ಲ. ದಂಬೆಯ ಉದ್ದಕ್ಕೂ ಬಲೆ ಹಾಕಿದರೆ ಎಲೆ ನಿಲ್ಲುತ್ತದೆ. ಆದರೆ ಧೂಳು, ಹೂವು, ಪಾಚಿ ಒಳಗೆ ಹೋಗುತ್ತದೆ. ಬಲೆ ಹಾಕಿದ ಮೇಲೆಯೂ ವರ್ಷಕ್ಕೊಮ್ಮೆ ನೋಡಲೇಬೇಕು.

ಯಾವಾಗ ಮಾಡಬೇಕು? ಕೇರಳಕ್ಕೆ ಮಳೆಗಾಲ ಸಾಮಾನ್ಯವಾಗಿ ಜೂನ್ 1ರ ಹೊತ್ತಿಗೆ ಬರುತ್ತದೆ. ಬೇಶ ತಿಂಗಳ ಹತ್ತನೆಯ ದಿನ, ಅಂದರೆ ಮೇ 24ರ ಸುಮಾರಿಗೆ ಪತ್ತನಾಜೆ. ಅದಕ್ಕಿಂತ ಮೊದಲು ಒಮ್ಮೆ ಪೂರಾ ಸ್ವಚ್ಛ ಆಗಬೇಕು. ಸೆಪ್ಟೆಂಬರ್ ಕೊನೆಗೆ ಮಳೆ ಕಡಿಮೆಯಾದಾಗ ಇನ್ನೊಮ್ಮೆ. ಯಾಕೆಂದರೆ ಆಮೇಲೆ ತುಲಾ ತಿಂಗಳ ಮಳೆ ಗುಡುಗಿನ ಜೊತೆ ಬರುತ್ತದೆ. ಕ್ಯಾಲೆಂಡರಿನಲ್ಲಿ ಎರಡು ದಿನಕ್ಕೆ ಗುರುತು ಹಾಕಿ. ಗುರುತಿನ ಬದಿಗೆ "ದಂಬೆ" ಎಂದು ನಿಮ್ಮ ಕೈಯಾರೆ ಬರೆಯಿರಿ.

10. ಹೊಸ ಕೋಣೆ ಕೂಡಿಸುವ ಮೊದಲು

ಈಗ ಮನೆಗೆ ಕೋಣೆ ಕೂಡಿಸಲು ಹೊರಟವರು ಈ ಭಾಗವನ್ನು ಎರಡು ಸಲ ಓದಿ. ಗೋಡೆ ಏಳುವ ಮೊದಲು ಮೇಸ್ತ್ರಿಯ ಹತ್ತಿರ ಒಂದೇ ಪ್ರಶ್ನೆ ಕೇಳಿ: "ಮೇಲಿನ ದಂಬೆಗೆ ಇನ್ನು ಎಲ್ಲಿಂದ ಹೋಗುವುದು?" ಅದಕ್ಕೆ ಉತ್ತರ ಸಿಕ್ಕಿದ ಮೇಲೆ ಪಾಯ ತೆಗೆಯಿರಿ.

ಕೋಣೆಯನ್ನು ಮನೆಯ ಪೂರಾ ಉದ್ದಕ್ಕೆ ಎಳೆಯಬೇಡಿ. ಒಂದು ತುದಿಯಲ್ಲಿ ಏಣಿ ಇಡುವಷ್ಟು ಜಾಗ ಬಿಡಿ.

ದಂಬೆಯ ಇಳಿಜಾರು, ಪೈಪು ಆ ಖಾಲಿ ತುದಿಗೇ ಬರಲಿ.

ಕೈಯಲ್ಲಿ ಹಣ ಇದ್ದರೆ ಕೋಣೆಗೆ ತಾರಸಿ ಹಾಕಿಸಿ, ಅಡ್ಡಗೋಡೆ ಕಟ್ಟಿಸಿ. ಮಾಳಿಗೆಯಿಂದ ಅಲ್ಲಿಗೆ ಬಾಗಿಲು ಇಡಿಸಿ.

ಶೀಟೇ ಹಾಕುವುದಾದರೆ ಮಾಳಿಗೆಯ ಗೋಡೆಯಲ್ಲಿ ಗಟ್ಟಿ ಕಬ್ಬಿಣದ ಕೊಂಡಿ ಇಡಿಸಿ. ಮೇಸ್ತ್ರಿ ಬಂದಾಗ ಬೆಲ್ಟಿನ ಹಗ್ಗ ಕಟ್ಟಲು ಬೇಕಾಗುತ್ತದೆ.

ಮೇಲಿನ ಪೈಪಿನ ನೀರು ಕೆಳಗಿನ ಶೀಟಿನ ಮೇಲೆ ಬೀಳದಿರಲಿ. ಪೈಪನ್ನು ನೇರ ನೆಲಕ್ಕೆ, ಚರಂಡಿಗೆ ಅಥವಾ ಇಂಗುಗುಂಡಿಗೆ ಬಿಡಿ.

ಕೆಲವರು ಕೇಳುತ್ತಾರೆ, ಮೇಲಿನ ದಂಬೆಯನ್ನೇ ತೆಗೆದರೆ ಆಗದೆ? ಎಂದು. ತೆಗೆಯಬಹುದು. ಆದರೆ ಆಗ ಮೇಲಿನ 2000 ಲೀಟರ್ ನೀರೂ ಕೆಳಗಿನ ಮಾಡಿಗೆ ಬೀಳುತ್ತದೆ. ಕೆಳಗಿನ ದಂಬೆ ಎರಡು ಮಾಡಿನ ನೀರು ಸಾಗಿಸುವಷ್ಟು ದೊಡ್ಡದಿರಬೇಕು. ನೀರು ಹಾರಿ ಮಾಳಿಗೆಯ ಗೋಡೆಗೆ ಬಡಿಯಬಾರದು. ಮೇಸ್ತ್ರಿಗೆ ತೋರಿಸಿ ತೀರ್ಮಾನ ಮಾಡಿ.

11. ಯಾರಾದರೂ ಬಿದ್ದರೆ

ಗಾಬರಿಯಲ್ಲಿ ಎಬ್ಬಿಸಿ ಕೂರಿಸಬೇಡಿ. ಕುತ್ತಿಗೆ, ಬೆನ್ನು ಅಲುಗಿಸಬೇಡಿ. ರಕ್ತ ಬರುತ್ತಿದ್ದರೆ ಶುದ್ಧ ಬಟ್ಟೆಯಿಂದ ಒತ್ತಿ ಹಿಡಿಯಿರಿ. 108ಕ್ಕೆ ಫೋನ್ ಮಾಡಿ. ಮನೆಯ ಗುರುತು ಸರಿಯಾಗಿ ಹೇಳಿ. ಕರೆಂಟು ತಾಗಿದ್ದರೆ ಅವರನ್ನು ಮುಟ್ಟಬೇಡಿ. ಹೊರಗಿನ ತಂತಿಯಾದರೆ ದೂರ ನಿಂತು 1912ಕ್ಕೆ, 112ಕ್ಕೆ ಫೋನ್ ಮಾಡಿ. ಈ ಮೂರು ನಂಬರುಗಳನ್ನು ಅಡುಗೆಕೋಣೆಯ ಬಾಗಿಲಿನ ಹಿಂದೆ ದೊಡ್ಡ ಅಕ್ಷರದಲ್ಲಿ ಬರೆದಿಡಿ.

ಹೊಸ ಪದಗಳು

ಇಳಿಜಾರು: ಒಂದು ಕಡೆಗೆ ತಗ್ಗು
ಕ್ಲಾಂಪು: ದಂಬೆಯನ್ನು ಹಿಡಿದು ನಿಲ್ಲಿಸುವ ಕಬ್ಬಿಣದ ಪಟ್ಟಿ
ಅಡ್ಡಗೋಡೆ: ತಾರಸಿಯ ಅಂಚಿನ ಗಿಡ್ಡ ಗೋಡೆ
ರೀಪು: ಹೆಂಚು ಕೂರುವ ಸಪೂರ ಮರದ ಪಟ್ಟಿ
ಇಂಗುಗುಂಡಿ: ಮಳೆನೀರು ಭೂಮಿಗೆ ಇಳಿಯಲು ತೋಡಿದ ಗುಂಡಿ

ಉತ್ತರ ಹೇಳಿ

1. ಬೆಳಕಿನ ಶೀಟು ಯಾಕೆ ಹೆಚ್ಚು ಅಪಾಯ?
2. ಕಸ ದಂಬೆಯ ಯಾವ ತುದಿಯಲ್ಲಿ ಕೂಡುತ್ತದೆ? ಯಾಕೆ?
3. ಪತ್ತನಾಜೆಯ ಮೊದಲೇ ಯಾಕೆ ಸ್ವಚ್ಛ ಮಾಡಬೇಕು?
4. ಅಲ್ಯೂಮಿನಿಯಂ ದೋಟಿ ಯಾಕೆ ಬೇಡ?

ಲೆಕ್ಕ ಮಾಡಿ

1. ದಂಬೆ 12 ಅಡಿ ಎತ್ತರದಲ್ಲಿ ಉಂಟು. ಏಣಿಯ ಬುಡ ಗೋಡೆಯಿಂದ ಎಷ್ಟು ಅಡಿ ದೂರ ಇರಬೇಕು?
2. ಮಾಡಿನ ಒಂದು ಬದಿ 30 ಚದರ ಮೀಟರ್. 20 ಮಿಲಿಮೀಟರ್ ಮಳೆ ಬಂದರೆ ಎಷ್ಟು ಲೀಟರ್ ನೀರು?
3. ದಂಬೆ 20 ಅಡಿ ಉದ್ದ. 10 ಅಡಿಗೆ ಅರ್ಧ ಇಂಚು ಇಳಿಜಾರು. ಒಟ್ಟು ಎಷ್ಟು ಇಂಚು?

(ಉತ್ತರ: 3 ಅಡಿ, 600 ಲೀಟರ್, 1 ಇಂಚು.)

ಸರಿಯೋ ತಪ್ಪೋ?

1. ಸಪೂರ ಇರುವವರು ಸಿಮೆಂಟ್ ಶೀಟಿನ ಮೇಲೆ ನಡೆಯಬಹುದು.
2. ಏಣಿಯನ್ನು ದಂಬೆಗೆ ಒರಗಿಸಬಾರದು.
3. ಬಲೆ ಹಾಕಿದ ದಂಬೆಯನ್ನು ಮತ್ತೆ ನೋಡಬೇಕಾಗಿಲ್ಲ.

(ಉತ್ತರ: ತಪ್ಪು, ಸರಿ, ತಪ್ಪು.)

ಬರೆಯಿರಿ: ಮೇಸ್ತ್ರಿಗೆ ಒಂದು ಚೀಟಿ

ಮನೆಗೆ ಒಂದು ಸುತ್ತು ಬನ್ನಿ. ನೆಲದಲ್ಲಿ ನಿಂತೇ ಅಳೆಯಿರಿ. ಬಿಟ್ಟ ಜಾಗ ತುಂಬಿ. ಬರೆದದ್ದನ್ನು ಮುಂದಿನ ತರಗತಿಗೆ ತನ್ನಿ.

ಮೇಸ್ತ್ರಿಯವರಿಗೆ ನಮಸ್ಕಾರ.
ನಮ್ಮ ಮಾಳಿಗೆಯ ದಂಬೆ ಸ್ವಚ್ಛ ಮಾಡಬೇಕು. ದಂಬೆಯ ಉದ್ದ ಸುಮಾರು ...... ಅಡಿ. ಅದರ ಕೆಳಗೆ ...... ಅಡಿ ಅಗಲದ ಕೋಣೆ ಉಂಟು. ಅದರ ಮಾಡು ...... (ಸಿಮೆಂಟ್ ಶೀಟು, ತಗಡು, ಹೆಂಚು, ತಾರಸಿ). ನಡುವೆ ಬೆಳಕಿನ ಶೀಟು ...... (ಉಂಟು, ಇಲ್ಲ). ನೆಲದಿಂದ ಏಣಿ ಇಡಲು ...... ಬದಿಯಲ್ಲಿ ಜಾಗ ಉಂಟು. ಕರೆಂಟಿನ ತಂತಿ ...... ಬದಿಯಲ್ಲಿ ಉಂಟು. ಬರುವಾಗ ಹಲಗೆ, ಹಗ್ಗ, ಬೆಲ್ಟ್ ತನ್ನಿ. ...... ತಾರೀಕಿನ ಒಳಗೆ ಬನ್ನಿ.
ಇತಿ,
......

ಮನೆಯಲ್ಲಿ ಮಾಡಿ

ಈ ಪಾಠದ ಏಣಿಯ ಐದು ನಿಯಮಗಳನ್ನು ಇವತ್ತು ರಾತ್ರಿ ಮನೆಯವರಿಗೆ ಗಟ್ಟಿಯಾಗಿ ಓದಿ ಹೇಳಿ. ಹತ್ತುತ್ತೇನೆ ಎನ್ನುವ ಹುಡುಗರು ಮನೆಯಲ್ಲಿ ಇದ್ದರೆ ಅವರನ್ನು ಕೂರಿಸಿಕೊಂಡು ಮೂರನೆಯ ಭಾಗವನ್ನೂ ಓದಿ.